ಮಡಚಿದರೆ ಮಾತ್ರ ಬಿಡಿಸಬಹುದಾದ ಒಗಟು

ಕಳೆದ ತಿಂಗಳು ಮನೆ ಬದಲಾಯಿಸುವಾಗ ಹಳೇ ಡಬ್ಬಿಯೊಂದರಲ್ಲಿ ನನ್ನ ನಿಂಟೆಂಡೋ ಡಿಎಸ್ ಸಿಕ್ತು. ಕೀಲು ಪೂರ್ತಿ ಸಡಿಲ. ಕೈಯಲ್ಲಿ ಹಿಡಿದರೆ ಮೇಲಿನ ಪರದೆ ತೂಕಡಿಸುವವರ ತಲೆ ಥರ ಮುಂದಕ್ಕೆ ವಾಲುತ್ತೆ. ಚಾರ್ಜರ್ ಹುಡುಕಿ ಚುಚ್ಚಿದೆ. ಜೀವ ಇತ್ತು!

2009ರಲ್ಲಿ ಭಾವ ಅಮೆರಿಕದಿಂದ ತಂದುಕೊಟ್ಟಿದ್ದು ಅದು. ಜೊತೆಗೆ ಮೆಮೊರಿ ಕಾರ್ಡ್ ಹಾಕುವ ಒಂದು ಕಳ್ಳ ಕಾರ್ಟ್ರಿಡ್ಜ್. “120 ಗೇಮ್ ಇದೆ ಕಣೋ, ಜನ್ಮಕ್ಕೆ ಸಾಕು” ಅಂದಿದ್ರು. ಹಾಸ್ಟೆಲ್‌ನಲ್ಲಿ ಒಂದೊಂದೇ ತೆರೆದು ನೋಡಿದ ಮೇಲೆ ಗೊತ್ತಾಯ್ತು, ಅದರಲ್ಲಿ ನೂರು ಬರೀ ಕಸ. ಕುದುರೆ ಸಾಕೋದು, ಮಗುವಿಗೆ ಬಟ್ಟೆ ತೊಡಿಸೋದು, ಸಿನಿಮಾ ಹೆಸರು ಅಂಟಿಸಿಕೊಂಡ ಓಡಾಟ, ನಿಂಟೆಂಡೋದ ‘ಬ್ರೇನ್ ಏಜ್’ ಗೆದ್ದ ಮೇಲೆ ಹುಟ್ಟಿಕೊಂಡ ಮಿದುಳು ಕಸರತ್ತಿನ ನಕಲುಗಳು. ಯಾಕೆ ಅಂತ ಅರ್ಥ ಮಾಡಿಕೊಳ್ಳೋದು ಕಷ್ಟವಲ್ಲ. ಡಿಎಸ್ ಒಟ್ಟು 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ. ಟಿವಿಗೆ ಜೋಡಿಸುವ ದೊಡ್ಡ ಕನ್ಸೋಲ್‌ಗಳಿಗಿಂತ ಇದಕ್ಕೆ ಗೇಮ್ ಮಾಡುವ ಖರ್ಚು ಎಷ್ಟೋ ಕಡಿಮೆ. ಜಾತ್ರೆ ದೊಡ್ಡದಾದಷ್ಟೂ ಪೀಪಿ ಮಾರುವವರು ಜಾಸ್ತಿ.

ಆದ್ರೆ ಉಳಿದ ಇಪ್ಪತ್ತಿದ್ವಲ್ಲ, ಅವುಗಳಿಗಾಗಿಯೇ ನಾನು ಇದನ್ನ ಬರೀತಿರೋದು. ನಿಂಟೆಂಡೋದ ಸ್ವಂತ ಗೇಮ್‌ಗಳ ಬಗ್ಗೆ ಎಲ್ಲರೂ ಮಾತಾಡ್ತಾರೆ. ನನಗೆ ಮಾತ್ರ ಆ ಯಂತ್ರದ ವಿಚಿತ್ರಗಳನ್ನ ಹೆಚ್ಚು ಗಂಭೀರವಾಗಿ ತಗೊಂಡಿದ್ದು ಹೊರಗಿನವರೇ ಅನ್ಸುತ್ತೆ. ಎರಡು ಪರದೆ, ಮುಟ್ಟುವ ಕಡ್ಡಿ, ಮೈಕ್, ಪುಸ್ತಕದ ಹಾಗೆ ಮಡಚುವ ಕೀಲು. ಅಟ್ಲಸ್ ಕಂಪನಿ ‘ಟ್ರಾಮಾ ಸೆಂಟರ್’ನಲ್ಲಿ ಆ ಕಡ್ಡಿಯನ್ನ ಶಸ್ತ್ರಚಿಕಿತ್ಸೆಯ ಚಾಕು ಮಾಡ್ತು. ಕ್ಯಾಪ್‌ಕಾಮ್‌ನ ‘ಫೀನಿಕ್ಸ್ ರೈಟ್’ನಲ್ಲಿ ವಕೀಲನಾಗಿ ಮೈಕ್‌ಗೆ “ಅಬ್ಜೆಕ್ಷನ್!” ಅಂತ ಕಿರುಚಬಹುದಿತ್ತು. ರಾತ್ರಿ ಒಂದು ಗಂಟೆಗೆ ಕಿರುಚಿ ವಾರ್ಡನ್ ಹತ್ರ ಬೈಸಿಕೊಂಡಿದ್ದೇನೆ.

ಸ್ಕ್ವೇರ್ ಎನಿಕ್ಸ್‌ನ ‘ದಿ ವರ್ಲ್ಡ್ ಎಂಡ್ಸ್ ವಿತ್ ಯು’ (2007) ಇನ್ನೊಂದು ಹೆಜ್ಜೆ ಮುಂದೆ. ಟೋಕಿಯೋದ ಶಿಬುಯಾ ಬೀದಿಗಳಲ್ಲಿ ಕಾಳಗ. ಕೆಳಗಿನ ಪರದೆಯಲ್ಲಿ ನೀವು ಕಡ್ಡಿ ಗೀಚ್ತಾ ಹೊಡೆದಾಡಬೇಕು, ಅದೇ ಹೊತ್ತಿಗೆ ಮೇಲಿನ ಪರದೆಯಲ್ಲಿರೋ ಜೊತೆಗಾರನನ್ನ ಗುಂಡಿಗಳಿಂದ ನಡೆಸಬೇಕು. ಮೊದಲ ದಿನ ತಲೆ ಕೆಟ್ಟುಹೋಯ್ತು. ವಾರ ಕಳೆದ ಮೇಲೆ, ತಬಲಾ ಕಲಿಯುವವರಿಗೆ ಎರಡು ಕೈ ಬೇರೆ ಬೇರೆಯಾಗ್ತವಲ್ಲ, ಹಾಗಾಯ್ತು. ಮುಂದೆ ಇದು ಫೋನಿಗೂ ಸ್ವಿಚ್‌ಗೂ ಬಂತು. ಎಲ್ಲವೂ ಒಂದೇ ಪರದೆಗೆ ಇಳಿದಿದೆ. ಆರಾಮಾಗಿದೆ, ಚೆನ್ನಾಗಿಯೂ ಇದೆ, ಆದ್ರೆ ಆ ಗೇಮ್ ಅದಲ್ಲ.

ಅಲ್ಲಿಂದ ನನಗೆ ಒಂದು ಅಳತೆ ಸಿಕ್ತು: ಇದನ್ನ ಬೇರೆ ಯಂತ್ರಕ್ಕೆ ಎತ್ತಿಹಾಕಿದ್ರೆ ಏನು ಕಳ್ಕೊಳ್ಳುತ್ತೆ? ಕುದುರೆ ಸಾಕುವ ಗೇಮ್ ಏನೂ ಕಳ್ಕೊಳ್ಳಲ್ಲ. ಚುನ್‌ಸಾಫ್ಟ್‌ನ ‘999’ ಕಳ್ಕೊಳ್ಳುತ್ತೆ. ಎರಡು ಪರದೆ ಯಾಕಿವೆ ಅನ್ನೋದಕ್ಕೆ ಅದರ ಕೊನೆಯಲ್ಲಿ ಸಿಗುವ ಉತ್ತರವನ್ನ ಇಲ್ಲಿ ಹೇಳಿದ್ರೆ ನೀವು ನನ್ನನ್ನ ಕ್ಷಮಿಸಲ್ಲ.

ಮನಸ್ಸಲ್ಲಿ ಕೂತಿದ್ದು ಮಾತ್ರ ‘ಅನದರ್ ಕೋಡ್’ (2005). ಪೆಟ್ಟಿಗೆ ಮೇಲೆ ನಿಂಟೆಂಡೋ ಹೆಸರಿದ್ದರೂ ಮಾಡಿದ್ದು ಜಪಾನಿನ ಫುಕುವೋಕಾದ ಸಿಂಗ್ ಅನ್ನೋ ಸಣ್ಣ ಕಂಪನಿ. (ಹೆಸರು ಕೇಳಿ ನಾನೂ ಪಂಜಾಬಿಗಳದ್ದು ಅಂದ್ಕೊಂಡಿದ್ದೆ.) ಆ್ಯಶ್ಲಿ ಅನ್ನೋ ಹುಡುಗಿ ಅಪ್ಪನನ್ನ ಹುಡುಕ್ಕೊಂಡು ದ್ವೀಪಕ್ಕೆ ಹೋಗ್ತಾಳೆ. ಅಲ್ಲೊಂದು ಕಡೆ ಮೇಲಿನ ಪರದೆಯಲ್ಲೊಂದು ಚಿತ್ರ, ಕೆಳಗೊಂದು ಚಿತ್ರ. ಎರಡು ದಿನ ಮುಟ್ಟಿದೆ, ಉಜ್ಜಿದೆ, ಮೈಕ್‌ಗೆ ಊದಿದೆ. ಕೊನೆಗೆ ಬೇಜಾರಾಗಿ ಡಿಎಸ್ ಮುಚ್ಚುವಾಗ ಅರ್ಧದಲ್ಲಿ ಕೈ ನಿಂತಿತು. ಮೇಲಿನ ಪರದೆಯ ಬಿಂಬ ಕೆಳಗಿನದರ ಮೇಲೆ ಬಿದ್ದು ಎರಡೂ ಸೇರಿದ್ವು. ಒಗಟು ಇದ್ದಿದ್ದು ಪರದೆಯಲ್ಲಲ್ಲ, ಕೀಲಿನಲ್ಲಿ!

ಸಿಂಗ್ 2010ರ ಮಾರ್ಚ್‌ನಲ್ಲಿ ದಿವಾಳಿಯಾಯ್ತು. ಸುದ್ದಿ ಓದಿದಾಗ ನಾನು ಅವರದೇ ‘ಹೋಟೆಲ್ ಡಸ್ಕ್’ ಆಡ್ತಿದ್ದೆ, ಡಿಎಸ್ ಅನ್ನ ಪುಸ್ತಕದ ಹಾಗೆ ಅಡ್ಡ ಹಿಡಿದು. ಅದೂ ಕಳ್ಳ ಕಾಪಿ. ನನ್ನೊಬ್ಬನ ಕಾರ್ಡ್‌ನಿಂದ ಕಂಪನಿ ಮುಳುಗ್ತು ಅಂತಲ್ಲ. ಆಗ ನನ್ನ ಹತ್ರ ದುಡ್ಡೂ ಇರ್ಲಿಲ್ಲ, ನಿಜ. ಆದ್ರೆ ಆ 120ರಲ್ಲಿ ಕಸಕ್ಕೂ ಚಿನ್ನಕ್ಕೂ ನಾನು ಕೊಟ್ಟ ಬೆಲೆ ಒಂದೇ, ಸೊನ್ನೆ. ಕೆಲಸ ಸಿಕ್ಕ ಮೇಲೆ ಎರಡರದ್ದೂ ಅಸಲಿ ಕಾರ್ಟ್ರಿಡ್ಜ್ ಹುಡುಕಿ ಕೊಂಡೆ. ಸೆಕೆಂಡ್ ಹ್ಯಾಂಡ್, ಮಾಡಿದವರಿಗೆ ಅದರಲ್ಲೂ ಒಂದು ಪೈಸೆ ಹೋಗಿಲ್ಲ.

‘ಅನದರ್ ಕೋಡ್’ 2024ರ ಜನವರಿಯಲ್ಲಿ ಹೊಸ ರೂಪದಲ್ಲಿ ಸ್ವಿಚ್‌ಗೆ ಬಂತು. ಈ ಸಲ ಪೂರ್ತಿ ಬೆಲೆ ಕೊಟ್ಟು ತಗೊಂಡೆ. ಅಕ್ಕನ ಮಗಳು ರಜಕ್ಕೆ ಬಂದಾಗ ಆಡಿ ಮುಗಿಸಿದಳು. ಸ್ವಿಚ್ ಮಡಚೋಕೆ ಬರಲ್ಲವಲ್ಲ, ಆ ಒಗಟು ಅಲ್ಲಿ ಹಾಗಿಲ್ಲ.

ಮೊನ್ನೆ ಮತ್ತೆ ಬಂದಿದ್ದಳು. ಹಳೇ ಡಿಎಸ್ ಕೊಟ್ಟೆ. ವಾಲುವ ಪರದೆಯನ್ನ ಒಂದು ಬೆರಳಲ್ಲಿ ತಳ್ಳಿ ಹಿಡಿದುಕೊಂಡೇ ಆಡ್ತಾ ಹೋದಳು. ಮಾರನೇ ದಿನ ಸಂಜೆ ಆ ಜಾಗಕ್ಕೆ ಬಂದು ಸಿಕ್ಕಿಕೊಂಡಳು. “ಮಾಮ, ಇದು ಕೆಟ್ಟೋಗಿದೆ” ಅಂದಳು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಸೋತು ಕೈ ಬಿಟ್ಟಳು. ಪರದೆ ತಾನಾಗಿಯೇ ಅರ್ಧಕ್ಕೆ ಬಾಗಿತು.

“ಮಾಮ, ತಡಿ ತಡಿ, ಏನೋ ಕಾಣ್ತಿದೆ!”