ಸೈಕಲ್ ಗಾಲಿಯ ರಚನೆ: ಒಂದು ಐತಿಹಾಸಿಕ ವಿವೇಚನೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತಗಳು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ದಿನಬಳಕೆಯ ಯಂತ್ರವೂ ಒಂದು ಆಕರವೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕಡಮೆ ಬೆಲೆಯ ರಸ್ತೆ ಓಟದ ಸೈಕಲ್ಲಿನ ಗಾಲಿಯನ್ನು ನಿದರ್ಶನವಾಗಿ ತೆಗೆದುಕೊಂಡು ಈ ವಿಷಯವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಗ್ಗದ ಗಾಲಿಯ ರಚನೆ ಹೀನವಾದುದೆಂಬ ಸಾಮಾನ್ಯ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದೂ ಇದರಿಂದ ವಿಶದವಾಗುತ್ತದೆ.

ಇಂಥ ಗಾಲಿಯಲ್ಲಿ ಹೊರಗೆ ಅಲ್ಯೂಮಿನಿಯಂ ರಿಮ್, ನಡುವೆ ಹಬ್, ಇವೆರಡನ್ನೂ ಜೋಡಿಸುವ ಉಕ್ಕಿನ ಕಡ್ಡಿಗಳು, ಹೀಗೆ ಮೂರು ಮುಖ್ಯ ಅಂಗಗಳುಂಟು. ಟೈರು ಕೂರುವ ಸ್ಥಳದಲ್ಲಿ ರಿಮ್ಮಿನ ವ್ಯಾಸ 622 ಮಿಲಿಮೀಟರು. ಕಡ್ಡಿಗಳು ಅನೇಕ ಗಾಲಿಗಳಲ್ಲಿ 32. ಒಂದೊಂದರ ದಪ್ಪ ಸುಮಾರು 2 ಮಿಲಿಮೀಟರು. ಕಡ್ಡಿಯ ಬಾಗಿದ ತುದಿ ಹಬ್ಬಿನ ಬಿಲ್ಲೆಯ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮರೆಯುಳ್ಳ ಇನ್ನೊಂದು ತುದಿ ರಿಮ್ಮಿನಲ್ಲಿರುವ ನಿಪ್ಪಲ್ಲಿಗೆ ತಿರುಚಿಕೊಳ್ಳುತ್ತದೆ.

ಎತ್ತಿನ ಗಾಡಿಯ ಗಾಲಿಯಲ್ಲಿ ಮರದ ಅರಗಳು ಕಂಬಗಳಂತೆ ಭಾರವನ್ನು ಹೊರುತ್ತವೆ. 2 ಮಿಲಿಮೀಟರಿನ ತಂತಿಗೆ ಇದು ಸಾಧ್ಯವಿಲ್ಲ. ಒತ್ತಿದರೆ ಅದು ಬಾಗುತ್ತದೆ. ಆದರೆ ಎಳೆತವನ್ನು ತಡೆಯುವ ಶಕ್ತಿ ಅದಕ್ಕೆ ಅಪಾರವಾಗಿದೆ. ಆದುದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಲವಾಗಿ ಎಳೆದು ಬಿಗಿಯಲಾಗುತ್ತದೆ. ಸವಾರನು ಕುಳಿತಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿತ ಮಾತ್ರ ಗಣನೀಯವಾಗಿ ತಗ್ಗುತ್ತದೆ. ಅದು ಪೂರ್ತಿಯಾಗಿ ಅಳಿಯದಿರುವವರೆಗೆ ಗಾಲಿ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಅಂದರೆ ಗಾಲಿಯ ಬಲವಿರುವುದು ಕಡ್ಡಿಯ ದಪ್ಪದಲ್ಲಿ ಮಾತ್ರವಲ್ಲ, ಅದರ ಬಿಗಿತದಲ್ಲಿ.

ಈ ತತ್ತ್ವವನ್ನು ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ 1808ರಲ್ಲಿಯೇ ನಿರೂಪಿಸಿದ್ದನು. ಅವನ ಚಿಂತೆ ಸೈಕಲ್ಲಿನದಲ್ಲ, ಹಾರುವ ಯಂತ್ರಕ್ಕೆ ಬೇಕಾದ ಹಗುರವಾದ ಗಾಲಿಯದು. ಸೈಕಲ್ಲಿಗೆ ತಂತಿಗಾಲಿಯನ್ನು ಅಳವಡಿಸಿದ ಕೀರ್ತಿ ಬಹುಕಾಲ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿಗೆ ಸಲ್ಲುತ್ತಿತ್ತು. ಆದರೆ ಪ್ಯಾರಿಸ್ಸಿನ ಯೂಜೀನ್ ಮೇಯರನು 1869ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದನು. ಸ್ಟಾರ್ಲಿ ಮತ್ತು ಹಿಲ್ಮನ್ನರ ಪೇಟೆಂಟ್ 1870ರದು. ಹಾಗೆಂದು ಸ್ಟಾರ್ಲಿಯ ಕಾರ್ಯ ಅಲ್ಪವಾದುದಲ್ಲ. ಹಬ್ಬಿನಿಂದ ನೇರವಾಗಿ ಹೊರಟ ಕಡ್ಡಿಗಳು, ಪೆಡಲು ತುಳಿದಾಗ ಹಬ್ಬಿನ ತಿರುಚುವಿಕೆಯನ್ನು ರಿಮ್ಮಿಗೆ ಚೆನ್ನಾಗಿ ಒಯ್ಯಲಾರವು. 1874ರಲ್ಲಿ ಅವನು ಕಡ್ಡಿಗಳನ್ನು ಹಬ್ಬಿನ ಅಂಚಿನಿಂದ ಓರೆಯಾಗಿ, ಅರ್ಧದಷ್ಟನ್ನು ಮುಂದಕ್ಕೂ ಉಳಿದರ್ಧವನ್ನು ಹಿಂದಕ್ಕೂ ಹಾಯಿಸಿದನು. ಇಂದಿನ ಅಗ್ಗದ ಗಾಲಿಯಲ್ಲಿ ಒಂದೊಂದು ಕಡ್ಡಿಯೂ ತನ್ನ ಬದಿಯ ಇತರ ಮೂರು ಕಡ್ಡಿಗಳನ್ನು ಅಡ್ಡಹಾಯುವುದು ಈ ಕ್ರಮದ ಮುಂದುವರಿಕೆಯೇ.

ಹಬ್ಬಿನ ಇತಿಹಾಸವೂ ಇದೇ ರೀತಿಯದು. ಪ್ಯಾರಿಸ್ಸಿನ ಸ್ಯುರಿರೆ ಎಂಬವನು 1869ರಲ್ಲಿ ಸೈಕಲ್ಲಿಗೆ ಬಾಲ್ ಬೇರಿಂಗಿನ ಪೇಟೆಂಟ್ ಪಡೆದನು. ಸಾಧಾರಣ ಹಬ್ಬುಗಳಲ್ಲಿ ಇಂದಿಗೂ ಬಟ್ಟಲಿನಾಕಾರದ ಕಪ್ಪಿಗೂ ಆಕ್ಸಲಿನ ಮೇಲಿನ ಕೋನಿಗೂ ನಡುವೆ ಬಿಡಿ ಗುಂಡುಗಳು ಉರುಳುತ್ತವೆ. ಸಾಮಾನ್ಯವಾಗಿ ಹಿಂದಿನ ಹಬ್ಬಿನಲ್ಲಿ ಬದಿಗೆ ಕಾಲಿಂಚಿನ 9 ಗುಂಡುಗಳೂ ಮುಂದಿನದರಲ್ಲಿ 3/16 ಇಂಚಿನ 10 ಗುಂಡುಗಳೂ ಇರುತ್ತವೆ.

ಹಿಂದಿನ ಗಾಲಿಯಲ್ಲಿ ಮತ್ತೊಂದು ತೊಡಕು ತಲೆದೋರಿತು. ಹಲ್ಲುಚಕ್ರಗಳು ಹೆಚ್ಚಿದಂತೆ ಫ್ರೀವೀಲು ಅಗಲವಾಯಿತು. ಬಲಬದಿಯ ಬೇರಿಂಗು ಅದರ ಒಳಗಡೆಯೇ ಉಳಿದುದರಿಂದ ಆಧಾರವಿಲ್ಲದ ಆಕ್ಸಲಿನ ಭಾಗ ಉದ್ದವಾಗಿ, ಬಾಗುವುದೂ ಮುರಿಯುವುದೂ ಹೆಚ್ಚಾಯಿತು. ಜಪಾನಿನ ಶಿಮಾನೊ ಸಂಸ್ಥೆ 1978ರಲ್ಲಿ ಹೊರತಂದ ಫ್ರೀಹಬ್ಬಿನಲ್ಲಿ ಬೇರಿಂಗು ಹೊರತುದಿಗೆ ಸರಿದು ಈ ದೋಷ ಬಹುಮಟ್ಟಿಗೆ ನೀಗಿತು. ಆದರೆ ಹಲ್ಲುಚಕ್ರಗಳಿಗೆ ಸ್ಥಳ ಬಿಡಬೇಕಾದುದರಿಂದ ಬಲಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ. ರಿಮ್ಮು ನಡುವೆ ನಿಲ್ಲಲು ಅವುಗಳ ಬಿಗಿತ ಎಡಬದಿಯದಕ್ಕಿಂತ ಬಹಳ ಹೆಚ್ಚಾಗಿರಬೇಕು. ಬಿಗಿತ ಕಡಮೆಯಿರುವ ಎಡಬದಿಯ ಕಡ್ಡಿಗಳು ಸಡಿಲಗೊಳ್ಳಲು ಇದೇ ಕಾರಣ.

ಹಾಗಾದರೆ ಅಗ್ಗದ ಗಾಲಿಯ ಕೊರತೆ ಎಲ್ಲಿದೆ? ತತ್ತ್ವದಲ್ಲಲ್ಲ, ಬಹುಮಟ್ಟಿಗೆ ಕೊನೆಯ ಕೈಗೆಲಸದಲ್ಲಿ. ಯಂತ್ರವು ಬಿಗಿದ ಕಡ್ಡಿಗಳು ಕೆಲವೊಮ್ಮೆ ಸಮನಾಗಿರುವುದಿಲ್ಲ. ಕೋನುಗಳು ಅತಿ ಬಿಗಿಯಾಗಿರಬಹುದು, ಗ್ರೀಸು ಸಾಲದಿರಬಹುದು. ಸಡಿಲವಾದ ಕಡ್ಡಿ ಪ್ರತಿ ಸುತ್ತಿಗೂ ಬಾಗುವ ಕಡೆ ದಣಿದು ತುಂಡಾಗುತ್ತದೆ. ನುರಿತ ಕೆಲಸಗಾರನು ಹಬ್ಬನ್ನು ಬಿಚ್ಚಿ ಗ್ರೀಸು ತುಂಬಿ, ಕಡ್ಡಿಗಳನ್ನು ಸಮನಾಗಿ ಬಿಗಿದು ಬೆಂಡು ತೆಗೆದರೆ ಅದೇ ಗಾಲಿ ವರ್ಷಗಟ್ಟಲೆ ಬಾಳುತ್ತದೆ. ಕಡಮೆ ಕಡ್ಡಿಗಳ ದುಬಾರಿ ಗಾಲಿಯಲ್ಲಿ ಒಂದು ಮುರಿದರೂ ಓಟ ನಿಲ್ಲುವುದುಂಟು. 32 ಕಡ್ಡಿಗಳ ಗಾಲಿ ಸಾಮಾನ್ಯವಾಗಿ ಸವಾರನನ್ನು ಮನೆ ಸೇರಿಸುತ್ತದೆ.

ಹೀಗೆ 1808, 1869, 1874, 1978ರ ಫಲಗಳು ಈ ಒಂದು ವಸ್ತುವಿನಲ್ಲಿ ಒಟ್ಟಿಗೆ ಬಾಳುತ್ತಿವೆ. ಹೊಸದು ಬಂದಾಗ ಹಳೆಯದೆಲ್ಲ ಅಳಿಯುತ್ತದೆಂಬ ಸರಳ ನಿರ್ಣಯವನ್ನು ಇದು ಒಪ್ಪುವುದಿಲ್ಲ. ಇದನ್ನು ಬಿಚ್ಚಿ ಜೋಡಿಸಬಲ್ಲವನ ಕೈಯ ಅರಿವು ಪೇಟೆಂಟಿನ ಕಡತದಲ್ಲಿ ದೊರೆಯುವಂಥದಲ್ಲ. ತಂತ್ರವಿದ್ಯೆಯ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಗ್ರಂಥಾಲಯದೊಡನೆ ರಿಪೇರಿ ಅಂಗಡಿಯನ್ನೂ ಆಕರವೆಂದು ಪರಿಗಣಿಸುವುದು ಉಚಿತ.