ಥಟ್ಟನೆ ಕಣ್ಮುಚ್ಚುವ ಕಂಪ್ಯೂಟರು

ಇರುಳೆಲ್ಲ ಎಚ್ಚರವಿದ್ದು ಬರೆದ ಪ್ರಬಂಧ. ಮುಗಿಯಲು ಇನ್ನೊಂದೇ ಪುಟ. ಅಷ್ಟರಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಕಂಪ್ಯೂಟರು ನಿಂತುಹೋಗುತ್ತದೆ. ಉಳಿಸಿಡದ ಬರಹವೆಲ್ಲ ಕ್ಷಣಾರ್ಧದಲ್ಲಿ ಮಾಯ! ಯಂತ್ರವನ್ನು ಶಪಿಸುವುದು ಸಹಜವೇ. ಆದರೆ ಎಷ್ಟೋ ವೇಳೆ ಅದು ತನ್ನ ಪ್ರಾಣವನ್ನು ಉಳಿಸಿಕೊಂಡಿರುತ್ತದೆ.

ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರಿನ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ಸನ್ನು ಸಮೀಪಿಸಿದರೆ ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಕಾವು ಮತ್ತೂ ಏರಿದರೆ, ಸುಟ್ಟುಹೋಗುವುದಕ್ಕಿಂತ ಮಲಗುವುದೇ ಲೇಸೆಂಬಂತೆ ಯಂತ್ರವೇ ನಿಂತುಬಿಡುತ್ತದೆ. ಇದರ ಮೂಲ ಅನೇಕ ಸಲ ಅತ್ಯಲ್ಪವಾದುದು: ಫ್ಯಾನಿನ ರೆಕ್ಕೆಗಳಿಗೆ ಮೆತ್ತಿದ ಧೂಳು, ಇಲ್ಲವೆ ಪ್ರೊಸೆಸರಿನ ಮೇಲೆ ಒಣಗಿಹೋದ ಥರ್ಮಲ್ ಪೇಸ್ಟು.

ಪರೀಕ್ಷೆಗೂ ಒಂದು ಕ್ರಮವುಂಟು. ಭಾರವಾದ ಕೆಲಸ ಹಚ್ಚಿದಾಗಲೇ ನಿಲ್ಲುವುದಾದರೆ ಕಾವನ್ನೂ ಪವರ್ ಸಪ್ಲೈಯನ್ನೂ ಶಂಕಿಸಬೇಕು. ವಿಂಡೋಸಿನ ದಾಖಲೆಯಲ್ಲಿ ಕಾಣುವ ‘ಕರ್ನೆಲ್ ಪವರ್ 41’ ಎಂಬ ಬರಹ, ಯಂತ್ರ ಕ್ರಮವಾಗಿ ಮುಚ್ಚಲಿಲ್ಲವೆಂದು ಸಾರುತ್ತದೆಯೇ ಹೊರತು ಕಾರಣವನ್ನು ತಿಳಿಸದು. ಆದುದರಿಂದ ಹೊಸ ಭಾಗಗಳಿಗೆ ಹಣ ಸುರಿಯುವ ಮೊದಲು ಪ್ಲಗ್ಗು ಸಡಿಲವಾಗಿದೆಯೇ ನೋಡಬೇಕು. ಅನಂತರ ವಿದ್ಯುತ್ ಸಂಪರ್ಕ ಕಳಚಿ ಧೂಳನ್ನು ನಿವಾರಿಸಬೇಕು. ಮೊದಲು ರೋಗನಿದಾನ, ಆಮೇಲೆ ಔಷಧ. ರೋಗ ತಿಳಿಯುವತನಕ, ಬರೆದುದನ್ನು ಆಗಾಗ ಉಳಿಸಿಡುವುದೊಂದೇ ಪಥ್ಯ.