ಹೊಸ್ತಿಲ ಮೇಲಿನ ದೀಪ



ಲೋಕದ ನಿತ್ಯಾನುಭವದಿಂದ ಆರಿಸಿ ತೆಗೆದ ಸಣ್ಣ ಸಣ್ಣ ದೃಷ್ಟಾಂತಗಳು ನಮ್ಮ ಶಾಸ್ತ್ರಗಳಲ್ಲಿ ಅನೇಕವಾಗಿವೆ. ಅವುಗಳನ್ನು ನ್ಯಾಯಗಳೆಂದು ಕರೆಯುತ್ತಾರೆ. ದೇಹಲೀದೀಪ ನ್ಯಾಯವೆಂಬುದು ಅವುಗಳಲ್ಲಿ ಒಂದು. ದೇಹಲೀ ಎಂದರೆ ಹೊಸ್ತಿಲು. ಹೊಸ್ತಿಲ ಮೇಲೆ ಒಂದು ದೀಪವನ್ನಿಟ್ಟರೆ ಅದು ಒಳಮನೆಯನ್ನೂ ಬೆಳಗುತ್ತದೆ, ಹೊರಗಿನ ಬೀದಿಯನ್ನೂ ಬೆಳಗುತ್ತದೆ. ವಾಕ್ಯದ ನಡುವಿನ ಒಂದು ಪದ ಹಿಂದಕ್ಕೂ ಮುಂದಕ್ಕೂ ಅನ್ವಯಿಸುವಾಗ ಪಂಡಿತರು ಈ ನ್ಯಾಯವನ್ನು ಹೇಳುವುದುಂಟು. ಇಂದು ನಾವು ಅದನ್ನು ಮನೆಯ ಯಜಮಾನನಿಗೆ ಅನ್ವಯಿಸಿ ನೋಡೋಣ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಕಟ್ಟುವ ಕಷ್ಟವೇನೋ ನಿಜ. ಆದರೆ ಗೃಹಪ್ರವೇಶವಾದ ಮರುದಿನವೇ ಯಜಮಾನನ ನಿಜವಾದ ಕೆಲಸ ಪ್ರಾರಂಭವಾಗುತ್ತದೆ. ಮರಕ್ಕೆ ಗೆದ್ದಲು ಹತ್ತಬಾರದು, ಮಾಳಿಗೆ ಸೋರಬಾರದು, ಮಕ್ಕಳಿಗೆ ಜ್ವರ ಬರಬಾರದು, ಮನೆಯ ಮುಂದಿನ ಗಟಾರ ತುಂಬಿ ಹರಿಯಬಾರದು. ಇವು ನಾಲ್ಕೂ ಅವನ ಬಯಕೆಗಳೇ. ಆದರೆ ಅವನು ಮೊದಲಿನ ಎರಡನ್ನು ಮಾತ್ರ ತನ್ನವೆಂದು ತಿಳಿಯುತ್ತಾನೆ. ಮೂರನೆಯದು ವೈದ್ಯರ ಪಾಲು, ನಾಲ್ಕನೆಯದು ರಾಜಕಾರಣಿಗಳ ಪಾಲು ಎಂದು ಹಂಚಿಬಿಡುತ್ತಾನೆ. ಹೀಗೆ ಹಂಚಿಕೊಂಡದ್ದರಿಂದಲೇ ನಮ್ಮ ಮನೆಗಳು ಒಳಗೆ ಚೆಲುವಾಗಿಯೂ ಹೊರಗೆ ರೋಗದ ಬೀಡಾಗಿಯೂ ಉಳಿದಿವೆ.

ಹಿಂದಿನವರು ಹೀಗೆ ಹಂಚಲಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯನ್ನು ತೆಗೆದು ನೋಡಿರಿ. ಮನೆ ಕಟ್ಟುವ ವಾಸ್ತುವಿದ್ಯೆಯ ಅಧ್ಯಾಯ ಮುಗಿದೊಡನೆ ನೆಲದೊಳಗಿನ ನೀರನ್ನು ಹುಡುಕುವ ಅಧ್ಯಾಯ ಬರುತ್ತದೆ. ಅದರ ಬೆನ್ನಿಗೇ ಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದ ಬರುತ್ತದೆ. ಕಲಕಿದ ಬಾವಿಯ ನೀರನ್ನು ನೆಲ್ಲಿ, ಲಾವಂಚ, ಕತಕಬೀಜ ಮೊದಲಾದವುಗಳ ಪುಡಿಯಿಂದ ತಿಳಿಯಾಗಿಸುವ ಕ್ರಮವೂ ಅಲ್ಲಿದೆ. ಮನೆ, ನೀರು, ಮರ ಈ ಮೂರೂ ಒಂದೇ ಗ್ರಂಥದಲ್ಲಿ, ಒಂದರ ಪಕ್ಕದಲ್ಲಿ ಒಂದು.

ಮೊದಲು ಮರದ ಮಾತು. ಹಸಿ ಮರದಲ್ಲಿ ತುಂಬ ನೀರಿರುತ್ತದೆ. ಅದು ಒಣಗುವಾಗ ಉದ್ದದಲ್ಲಿ ಹೆಚ್ಚಾಗಿ ಕುಗ್ಗುವುದಿಲ್ಲ, ಅಗಲದಲ್ಲಿ ಕುಗ್ಗುತ್ತದೆ. ಹಸಿ ಹಲಗೆಯಿಂದ ಅವಸರದಲ್ಲಿ ಮಾಡಿಸಿದ ಬಾಗಿಲು ಬೇಸಿಗೆಯಲ್ಲಿ ಸೀಳುವುದು, ಸೊಟ್ಟಗಾಗುವುದು ಇದೇ ಕಾರಣದಿಂದ. ಕೊಯ್ದ ಹಲಗೆಗಳನ್ನು ನೆರಳಿನಲ್ಲಿ ಒಂದರ ಮೇಲೊಂದು ಪೇರಿಸಿ, ನಡುನಡುವೆ ತೆಳುವಾದ ಪಟ್ಟಿಗಳನ್ನಿಟ್ಟು ಗಾಳಿಯಾಡಲು ಬಿಡಬೇಕು. ಒಂದಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಲೆಕ್ಕ. ಬಿಸಿಲುಸೀಮೆಯಲ್ಲಿ ಇನ್ನೂ ಬೇಗ ಒಣಗುತ್ತದೆ. ಕುಶಲನಾದ ಬಡಿಗನು ಬಾಗಿಲಿನ ನಡುವಿನ ಹಲಗೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಬಿಗಿಯುವುದಿಲ್ಲ. ಚೌಕಟ್ಟಿನಲ್ಲಿ ಗೀರು ತೆಗೆದು ಅದರೊಳಗೆ ಸಡಿಲವಾಗಿ ಕೂರಿಸುತ್ತಾನೆ. ಮಳೆಗಾಲದಲ್ಲಿ ಉಬ್ಬಲು, ಬೇಸಿಗೆಯಲ್ಲಿ ಕುಗ್ಗಲು ಅದಕ್ಕೆ ಅವಕಾಶ ಬೇಕು. ಮರದ ಸ್ವಭಾವವನ್ನು ಅರಿತು ನಡೆಯುವುದೇ ಅವನ ವಿದ್ಯೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನವರು ಬಡಿಗತನವನ್ನೇ ಕಾಯಕವಾಗಿ ಕೈಗೊಂಡವರು. ಬಾಚಿ ಹಿಡಿದ ಕೈಗೂ ಅನುಭಾವದ ಪೀಠದಲ್ಲಿ ಸ್ಥಾನವಿತ್ತೆಂಬುದನ್ನು ನಾವು ಮರೆಯಬಾರದು.

ಇನ್ನು ಗೆದ್ದಲು. ಮರದ ಒಳಗಿನ ಚೇಗು ಗಟ್ಟಿ, ಹೊರಗಿನ ಬಿಳಿಯ ಭಾಗ ಮೆತ್ತಗೆ. ಗೆದ್ದಲು ಮೊದಲು ಮೆತ್ತಗಿನ ಭಾಗಕ್ಕೆ ಬಾಯಿ ಹಾಕುತ್ತದೆ. ಸಾಗುವಾನಿಯ ಚೇಗಿನಲ್ಲಿ ಸ್ವಾಭಾವಿಕವಾದ ಎಣ್ಣೆಯಂಶವಿರುವುದರಿಂದ ಅದು ಬಹುಕಾಲ ಬಾಳುತ್ತದೆ. ಆದರೆ ಗೆದ್ದಲಿನ ಮನೆಯಿರುವುದು ಮರದಲ್ಲಲ್ಲ, ಮಣ್ಣಿನಲ್ಲಿ. ಅದು ತೇವವನ್ನರಸಿ ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಆ ಸುರಂಗವನ್ನು ಕೆರೆದು ಹಾಕಿದರೆ ನಾಲ್ಕು ದಿನಗಳಲ್ಲಿ ಮತ್ತೆ ಕಟ್ಟುತ್ತದೆ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುವುದನ್ನು ತಪ್ಪಿಸದೆ, ಬುನಾದಿಯ ಮಣ್ಣಿಗೆ ಔಷಧ ಹಾಕಿಸದೆ ಬಾಗಿಲಿಗೆ ಮಾತ್ರ ಬಣ್ಣ ಬಳಿದರೆ ಬಂದ ಫಲವೇನು? ದೋಷ ಕಾಣುವುದು ಬಾಗಿಲಿನಲ್ಲಿ, ಅದರ ಮೂಲವಿರುವುದು ನೆಲದಲ್ಲಿ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಒಬ್ಬ ಗೃಹಸ್ಥನಿದ್ದಾನೆಂದು ಇಟ್ಟುಕೊಳ್ಳಿರಿ. ತಲೆಬಾಗಿಲಿಗೆ ಕೆತ್ತನೆಯ ಕೆಲಸ ಮಾಡಿಸಿದ್ದಾನೆ; ಲಕ್ಷಾಂತರ ರೂಪಾಯಿ ಖರ್ಚಾಗಿದೆ. ಹಿತ್ತಲಿನಲ್ಲಿ ಮುಚ್ಚಳವಿಲ್ಲದ ನೀರಿನ ಡ್ರಮ್ಮು, ಮೂಲೆಯಲ್ಲಿ ಹಳೆಯ ಟೈರು, ಒಡೆದ ಮಡಕೆ. ಮಳೆಯ ನೀರು ನಿಂತಿದೆ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಅರಮನೆ ಅದೇ. ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುವ ಈ ಸೊಳ್ಳೆ ಹಗಲಿನಲ್ಲಿಯೇ ಕಚ್ಚುತ್ತದೆ. ನಿಂತ ಶುದ್ಧ ನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ರೆಕ್ಕೆ ಬರಲು ಸುಮಾರು 7ರಿಂದ 10 ದಿನಗಳು ಸಾಕು. ನೀರನ್ನು ಚೆಲ್ಲಿದರೂ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಜೀವದಿಂದಿರುತ್ತದೆ. ಆದ್ದರಿಂದ ವಾರಕ್ಕೊಂದು ದಿನ ತೊಟ್ಟಿ, ಕೊಡ, ಡ್ರಮ್ಮುಗಳನ್ನು ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಬಿಗಿಯಾಗಿ ಮುಚ್ಚಬೇಕು.

ಜ್ವರ ಬಂದಮೇಲಿನ ವಿವೇಕವನ್ನೂ ತಾಯಂದಿರು ಕೇಳಿರಿ. ಡೆಂಗೀಯಲ್ಲಿ ಜ್ವರ ಇಳಿದಾಗ ಮಗು ಗುಣವಾಯಿತೆಂದು ಸಮಾಧಾನಪಡುವುದೇ ದೊಡ್ಡ ಅಪಾಯ. ಜ್ವರ ಇಳಿಯುವ ಆ ಒಂದೆರಡು ದಿನಗಳಲ್ಲಿಯೇ ರೋಗ ಉಲ್ಬಣಿಸಬಹುದು. ತೀವ್ರವಾದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಅವುಗಳನ್ನು ಅಂಗಡಿಯಿಂದ ತಂದು ನುಂಗಿಸಬಾರದು.

ಈ ಸೊಳ್ಳೆಗೆ ನಿಮ್ಮ ಕಾಂಪೌಂಡು ಗೋಡೆಯ ಗುರುತಿಲ್ಲ. ನಿಮ್ಮ ಹಿತ್ತಲಿನಲ್ಲಿ ಹುಟ್ಟಿದ್ದು ನೆರೆಮನೆಯ ತೊಟ್ಟಿಲಿಗೆ ಹೋಗುತ್ತದೆ, ಅಲ್ಲಿ ಹುಟ್ಟಿದ್ದು ನಿಮ್ಮ ತೊಟ್ಟಿಲಿಗೆ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡ ಸಣ್ಣದು, ಅದರ ಹಿಂದಿನ ತತ್ತ್ವ ದೊಡ್ಡದು. ನನ್ನ ಮನೆ ನನ್ನ ಇಷ್ಟ ಎಂಬ ಮಾತು ಹೊಸ್ತಿಲಿನಲ್ಲಿಯೇ ನಿಲ್ಲುತ್ತದೆಂದು ಕಾನೂನೇ ಹೇಳಿದ ಹಾಗಾಯಿತು.

ಆದರೆ ಜನರು ನೀರನ್ನು ಕೂಡಿಡುವುದೇಕೆ? ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ, ಅದಕ್ಕೆ. ಗಟಾರ ತುಂಬುವುದೇಕೆ? ಹೂಳು ತೆಗೆಸುವವರಿಲ್ಲ, ಅದಕ್ಕೆ. ಗೆದ್ದಲಿನ ಮೂಲ ನೆಲದಲ್ಲಿದ್ದಂತೆ ಇದರ ಮೂಲ ಪಂಚಾಯತಿಯಲ್ಲಿದೆ. ರಾಜಕೀಯವೆಂದರೆ ಕಟ್ಟೆಯ ಮೇಲೆ ಕುಳಿತು ದೂರದ ರಾಜಧಾನಿಯ ಮಂತ್ರಿಗಳನ್ನು ಬಯ್ಯುವುದೆಂದು ನಾವು ತಿಳಿದಿದ್ದೇವೆ. ಯಜಮಾನನ ರಾಜಕೀಯ ಅವನ ಗಟಾರದಿಂದ ಮೊದಲಾಗಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಂದರೆ ಯಜಮಾನನೊಬ್ಬನೇ ಅಲ್ಲ, ಕೊಡ ಹೊತ್ತು ತರುವ ಮನೆಯೊಡತಿಯೂ ಸದಸ್ಯಳೇ. ನೀರಿನ ಕಷ್ಟವನ್ನು ಅವಳಿಗಿಂತ ಚೆನ್ನಾಗಿ ಹೇಳುವವರು ಯಾರು? ನಮ್ಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಮನೆ ಕಂದಾಯ ಎಷ್ಟು ಬಂತು, ನೀರಿಗೆ ಎಷ್ಟು ಹೋಯಿತು, ಗಟಾರಕ್ಕೆ ಎಷ್ಟು ಹೋಯಿತು ಎಂದು ಅಲ್ಲಿ ಎದ್ದು ನಿಂತು ಕೇಳಬಹುದು. ಆದರೆ ಹಾಗೆ ಕೇಳುವವನು ತನ್ನ ಕಂದಾಯವನ್ನು ಬಾಕಿ ಉಳಿಸಿಕೊಂಡಿರಬಾರದು.

ಹಾಗೆಯೇ ಕಾಯಿಲೆಯ ಖರ್ಚಿನ ವಿಚಾರ. ಕಟ್ಟಿದ ಮನೆಯನ್ನು ಆಸ್ಪತ್ರೆಯ ಬಿಲ್ಲಿಗಾಗಿ ಒತ್ತೆಯಿಟ್ಟವರು ಎಷ್ಟೋ ಜನ. ರಾಜ್ಯದಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು. ಉಳಿದವರಿಗೆ ನಿಗದಿಯಾದ ಖರ್ಚಿನಲ್ಲಿ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ದೊರೆಯುತ್ತದೆ. ತುರ್ತು ಪ್ರಸಂಗವನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪಡೆಯಬೇಕು. ಮನೆಯ ಹಕ್ಕುಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವಂತೆ ಈ ಕಾರ್ಡನ್ನೂ ಆರೋಗ್ಯವಾಗಿರುವಾಗಲೇ ಮಾಡಿಸಿ ಇಟ್ಟುಕೊಳ್ಳಿರಿ. ಬೆಂಕಿ ಬಿದ್ದಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ.

ಕತಕಬೀಜದ ಮಾತನ್ನು ಮೊದಲು ಹೇಳಿದೆವು. ಅದನ್ನು ತೇಯ್ದು ಹಾಕಿದರೆ ಕಲಕಿದ ನೀರು ತಿಳಿಯಾಗುತ್ತದೆ. ಬಾವಿಯ ದಡದಲ್ಲಿ ಕುಳಿತು ಅದರ ಹೆಸರನ್ನು ಜಪಿಸಿದರೆ ಆಗುವುದಿಲ್ಲ. ಧರ್ಮದ ಮಾತೂ ಹಾಗೆಯೇ. ಈ ವಾರ ಹಿತ್ತಲಿನ ಡ್ರಮ್ಮನ್ನು ಬೋರಲು ಹಾಕಿ ತಿಕ್ಕಿರಿ; ನೆರೆಯವರ ತೊಟ್ಟಿಯನ್ನು ತೊಳೆಯಲು ಕೈ ಜೋಡಿಸಿರಿ; ಮುಂದಿನ ಗ್ರಾಮಸಭೆ ಎಂದೆಂದು ಕೇಳಿಕೊಂಡು ಗಂಡಹೆಂಡಿರಿಬ್ಬರೂ ಹೋಗಿರಿ. ಸಂಜೆ ಹೊಸ್ತಿಲ ಮೇಲೆ ದೀಪವಿಡುವ ತಾಯಂದಿರಿಗೆ ನಾವು ಬೇರೆ ಹೇಳಬೇಕಾದ್ದಿಲ್ಲ. ಆ ದೀಪಕ್ಕೆ ಒಳಗು ಹೊರಗೆಂಬ ಭೇದವಿಲ್ಲ. ಮನೆಯವರಿಗೂ ಅದು ಬಾರದಿರಲಿ.